ಮೈಕ್ ಕಿತ್ತ ಮಹಾನಂದಾ

ಪುಣೆಯ ಯೆರವಡಾದ ನಮ್ಮ ಕನ್ನಡ ಸಂಘದ ತಗಡಿನ ಸಭಾಂಗಣಕ್ಕೆ ದೇಶವಿದೇಶದ ಹಾಡುಗಾರರನ್ನು, ಕಥೆಗಾರರನ್ನು ಕರೆತರುವವಳು ಖಡಕಿಯ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವ ಮಹಾನಂದಾ. ಆ ಭಾನುವಾರ ಸೆನೆಗಲ್ ದೇಶದ ಕಥೆಗಾರ ಡೋಲು ತೊಡೆಯ ಮೇಲಿಟ್ಟುಕೊಂಡು ಮೂಲೆಯಲ್ಲಿ ಕಾಯುತ್ತಿದ್ದ. ವೇದಿಕೆಯ ಮೇಲೆ ಸಂಘದ ನಾಚಿಕೆಗೆಟ್ಟ ಪದಾಧಿಕಾರಿಗಳು ಒಬ್ಬರಿಗೊಬ್ಬರು ಶಾಲು ಹೊದಿಸಿಕೊಂಡು ಭಾಷಣ ಬಿಗಿಯುತ್ತಿದ್ದರು. ಗಾರೆ ಕೆಲಸದಿಂದ ದಣಿದು ಬಂದಿದ್ದ ಜನ ಬೇಸತ್ತು ಎದ್ದು ಹೊರಟರು. ಅಧ್ಯಕ್ಷ ಶಿವಶರಣಪ್ಪ "ಇನ್ನೆರಡೇ ಮಾತು" ಎಂದಾಗ ಮಹಾನಂದಾ ವೇದಿಕೆ ಹತ್ತಿ ಮೈಕಿನ ವಯರು ಕಿತ್ತಳು.

"ಹುಚ್ಚು ಹಿಡದದೇನ್ ನಿನಗ? ಮೈಕ್ ಇಲ್ದ ಕಾರ್ಯಕ್ರಮ ಹೆಂಗ ನಡೀತದ?" ಎಂದು ಶಿವಶರಣಪ್ಪ ಕೂಗಿದರು.

"ಅವನ ಡೋಲಿಗೆ ಮೈಕ್ ಬ್ಯಾಡ್ರಿ. ಅದು ಬೇಕಾಗಿದ್ದು ನಿಮ್ಮ ಭಾಷಣಕ್ಕ. ಇಳೀರಿ ಕೆಳಗ!"

ಡೋಲಿಗೆ ಮೊದಲ ಪೆಟ್ಟು ಬಿತ್ತು. ಬಸ್‌ಸ್ಟಾಪಿನವರೆಗೆ ಹೋಗಿದ್ದವರೆಲ್ಲ ತಿರುಗಿ ಬಂದರು.