ಕೇಳಬೇಕಾದ್ದನ್ನು ಕೇಳಿದ ಮೇಲೆ ಸ್ವಾಮಿ ಹೂ ಕೊಟ್ಟ

ತರೀಕೆರೆ ಬಸ್ಸಿನಲ್ಲಿ ನನ್ನ ಎದೆಯ ಹುಣ್ಣಿನ ವಾಸನೆ ತಾಳಲಾರದೆ ಪಕ್ಕದ ಹೆಂಗಸು ಮೂಗಿಗೆ ಸೆರಗು ಹಿಡಿದು ಎದ್ದು ಹೋದಳು. ಅವತ್ತು ಸತ್ತರೆ ಸಾಕು ಅನ್ನಿಸಿತ್ತು. ವೀರಭದ್ರಸ್ವಾಮಿಯ ಒಕ್ಕಲಾದ ನಿಮ್ಮೆಲ್ಲರ ಮುಂದೆ ನಾಚಿಕೆ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಾನು ಶಿವನಿಯವಳು. ನಮ್ಮದು ಹಿಟ್ಟಿನ ಗಿರಣಿ. ಹೋದ ವರ್ಷ ಮೊಲೆಯ ಗಂಟು ಕ್ಯಾನ್ಸರ್ ಅಂತಲೂ, ಆಗಲೇ ಬೆನ್ನುಮೂಳೆಗೆ ಹರಡಿದೆ ಅಂತಲೂ ಶಿವಮೊಗ್ಗದಲ್ಲಿ ಗೊತ್ತಾಯಿತು.

"ಕುಯ್ದು ತೆಗ್ದುಬಿಡಿ ಡಾಕ್ಟ್ರೇ," ಎಂದು ಯಜಮಾನರು ಕೈಮುಗಿದರು.

"ಮೂಳೆಗೆ ಹೋಗಿರೋದು ಮೊಲೆ ಕೊಯ್ದರೆ ಹೋಗಲ್ಲ. ಮೊದಲು ಮಾತ್ರೆ, ಇಂಜೆಕ್ಷನ್," ಎಂದರು ಡಾಕ್ಟರಮ್ಮ. ಅವರು ಕೈಬಿಟ್ಟರೆಂದೇ ನಾವು ತಿಳಿದೆವು.

ಮಾತ್ರೆಗೆ ಬೆನ್ನುನೋವು ಇಳಿಯಿತು. ಆದರೆ ಗಂಟು ಒಡೆದು ಹುಣ್ಣಾಯಿತು. ರಕ್ತ, ಕೀವು. ನಾನು ನಡುಮನೆಗೆ ಬರುವುದನ್ನೇ ಬಿಟ್ಟೆ, ಊಟದ ತಟ್ಟೆ ಕೋಣೆಯ ಬಾಗಿಲಿಗೆ ಬರತೊಡಗಿತು. ಯಾರೂ ಬೈಯಲಿಲ್ಲ. ಬೈದಿದ್ದರೆ ಜಗಳವಾದರೂ ಆಡಬಹುದಿತ್ತು. ಕಿಟಕಿ ತೆಗೆದರೆ ಬೀದಿಗೆಲ್ಲ ವಾಸನೆ, ಮುಚ್ಚಿದರೆ ನನಗೇ ಉಸಿರು ಕಟ್ಟುತ್ತಿತ್ತು.

ಸೋಮವಾರ ಬಂದರೆ ಯಜಮಾನರು ವೀರಭದ್ರನ ಗುಡಿಗೆ ಹೋಗಿ ಹೂ ಕೇಳಿಸುತ್ತಿದ್ದರು. "ಆಪರೇಷನ್ ಮಾಡ್ಸಿದ್ರೆ ಇವಳ ಜೀವ ಉಳೀತದಾ ತಂದೆ?" ಸ್ವಾಮಿಯ ಮೈಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಸ್ವಾಮಿ ಎರಡೂ ಕೊಡಲಿಲ್ಲ. ಅಂಟಿಸಿದ ಹೂ ಅಂಟಿದ ಹಾಗೇ ಇರುತ್ತಿತ್ತು. ಯಜಮಾನರು ಮನೆಗೆ ಬಂದು ಮಲಗಿಬಿಡುತ್ತಿದ್ದರು.

ಒಂದು ಸೋಮವಾರ ಬೆಳಿಗ್ಗೆ ನಾನೇ ಸೀರೆ ಉಟ್ಟೆ.

"ಎಲ್ಲಿಗೇ?"

"ನಾನೇ ಕೇಳ್ತೀನಿ. ಹುಣ್ಣು ನಂದು ಕಣ್ರೀ."

ಒಳಗೆ ಹೋಗಲು ಅಂಜಿ ಗುಡಿಯ ಬಾಗಿಲಲ್ಲೇ ನಿಂತೆ. "ಏನ್ ಕೇಳ್ಲವ್ವಾ?" ಎಂದರು ಪೂಜೆಯ ಅಯ್ನೋರು. ಜೀವ ಕೇಳಲು ಬಾಯಿ ಬರಲಿಲ್ಲ.

"ನಾನಿರೋವರ್ಗೂ ನಾಕ್ ಜನದ ಪಕ್ಕ ಕೂರೋ ಹಂಗೆ ಮಾಡ್ತಾನಾ, ಕೇಳಿ."

ಬಲಗಡೆಯ ಹೂ ಜಾರಿ ಬಿತ್ತು. ಅಲ್ಲೇ ಕುಸಿದು ಕೂತು ಗಟ್ಟಿಯಾಗಿ ಅತ್ತೆ.

ಡಾಕ್ಟರಮ್ಮನಿಗೂ ಅದನ್ನೇ ಹೇಳಿದೆ. ಅಲ್ಲಿಯವರೆಗೆ ನಾವು ಕೇಳಿದ್ದೆಲ್ಲ ಜೀವದ ಮಾತೇ. ನನ್ನ ಈ ಗೋಳನ್ನು ಬಾಯಿಬಿಟ್ಟು ಹೇಳಿರಲೇ ಇಲ್ಲ. ಅವರು ಮತ್ತೆ ಸ್ಕ್ಯಾನ್ ಮಾಡಿಸಿದರು. "ಮೂಳೆದು ಹತೋಟಿಯಲ್ಲಿದೆ. ಈಗ ಕೊಯ್ಯಬಹುದು. ಆದರೆ ಆಯಸ್ಸು ಹೆಚ್ಚಿಸೋಕಲ್ಲ, ಈ ಬಾಧೆ ತಪ್ಪಿಸೋಕೆ. ಮಾತ್ರೆ ನಿಲ್ಲಿಸೋ ಹಾಗಿಲ್ಲ."

"ಅಷ್ಟು ಸಾಕು ತಾಯೀ," ಎಂದೆ.

ಆಪರೇಷನ್ ಆಯಿತು. ಗಾಯ ಮಾಯಿತು, ವಾಸನೆ ಹೋಯಿತು. ರೋಗ ಹೋಗಿಲ್ಲ, ಹೋಗುತ್ತದೆಂದು ನಿಮಗೆ ಸುಳ್ಳು ಹೇಳಲಾರೆ. ತಿಂಗಳು ತಿಂಗಳು ಶಿವಮೊಗ್ಗಕ್ಕೆ ಹೋಗುವಾಗ ಈಗಲೂ ದಾರಿಯುದ್ದಕ್ಕೂ ಸ್ವಾಮಿಯ ಹೆಸರು ಹೇಳಿಕೊಳ್ಳುತ್ತೇನೆ.

ಕಳೆದ ಹುಣ್ಣಿಮೆಗೆ ಮಠದ ದಾಸೋಹಕ್ಕೆ ಹೋಗಿದ್ದೆ. ಅಭ್ಯಾಸಬಲದಿಂದ ಪಂಕ್ತಿಯ ತುದಿಯಲ್ಲಿ ಜಾಗ ಬಿಟ್ಟು ಕೂತೆ. ಚೌಳಹಿರಿಯೂರಿನ ಗುರುತಿಲ್ಲದ ಒಬ್ಬ ಅಜ್ಜಿ ಆ ಜಾಗ ನೋಡಿ, "ವಸಿ ಸರ್ಕಂಡು ಕೂರವ್ವಾ," ಎಂದು ನನಗೆ ಒತ್ತಿಕೊಂಡೇ ಕೂತರು. ಎಲೆಗೆ ಪಾಯಸ ಬಿತ್ತು. ನಾನು ಊಟ ಮುಗಿಸಿ ಏಳುವವರೆಗೂ ಅವರು ಎದ್ದು ಹೋಗಲಿಲ್ಲ. ವೀರಭದ್ರಾ, ನಿನ್ನ ಪಾದಕ್ಕೆ ಶರಣು.