ನನ್ನ ಬಿ.ಪಿ. ಇಳಿಯಿತು, ಇವರು ಕಾರಿಳಿದರು

ಗೆದ್ದೆ, ಗೆಳೆಯರೇ! ಬಿ.ಪಿ. ಇಳಿಸಲು ನಾನು ದಿನಾ ನಮ್ಮ ಮನೆ ದಾರಿಯ ಮೌಂಟ್ ಆಲ್ಬರ್ಟ್ ಗುಡ್ಡದ ಏರು ಹತ್ತುವಾಗ ನಮ್ಮ ಯಜಮಾನರದು ಒಂದೇ ಮಾತು: "ಸವೆಯೋದು ಬರೀ ಚಪ್ಪಲಿ ಕಣೇ."

ಇವತ್ತು ಕ್ಲಿನಿಕ್‌ನಲ್ಲಿ ಮಂಗಳೂರಿನ ನರ್ಸ್ ಹುಡುಗಿ ನನ್ನ ತೋಳಿನ ಪಟ್ಟಿ ಬಿಚ್ಚುತ್ತಾ, "ಆಂಟಿ, ನಾರ್ಮಲ್ ಬಂದಿದೆ! ವಾಕಿಂಗ್ ಬಿಡ್ಬೇಡಿ" ಎಂದಳು.

"ಮಷಿನ್ ಕೆಟ್ಟಿರ್ಬೇಕಮ್ಮ" ಎಂದು ಇವರು ನಕ್ಕು ತಮ್ಮ ತೋಳು ಚಾಚಿದರು. ಅವಳು ಎರಡು ಸಲ ನೋಡಿ, "ಅಂಕಲ್, ನಿಮ್ದು ಜಾಸ್ತಿ ಇದೆ" ಎಂದಳು. ಡಾಕ್ಟರು ಇವರಿಗೂ ದಿನಾ ನಡೆಯಲು ಹೇಳಿದರು.

ಹೊರಗೆ ಬಂದು ಇವರು ಮೆತ್ತಗೆ ಕೇಳಿದರು: "ನಾಳೆಯಿಂದ ನಾನೂ ಬರ್ಲೇನೆ?"

"ನಾಳೆ ಯಾಕ್ರೀ? ಈಗ್ಲೇ ಮನೆಗೆ ನಡೀರಿ. ಕಾರು ನಾಳೆ ತಗೊಂಡ್ ಹೋದ್ರಾಯ್ತು" ಎಂದು ಕೀಲಿಯನ್ನು ಬ್ಯಾಗಿಗೆ ಹಾಕಿಕೊಂಡೆ.

ಏರಿನುದ್ದಕ್ಕೂ ಇವರು ಏದುಸಿರು ಬಿಡುತ್ತಾ ನನ್ನ ಹಿಂದೆ ಹತ್ತಿದರು. ಮದುವೆಯಾದಾಗಿನಿಂದ ಅಷ್ಟು ಹೊತ್ತು ನಾನೊಬ್ಬಳೇ ಮಾತಾಡಿದ್ದು ಇದೇ ಮೊದಲು.