ಒಂದೆಲಗಕ್ಕೆ ಹಾಕಿದ ಉಪ್ಪು

ಎಪ್ಪತ್ತರ ದಶಕದ ಕೊನೆ. ಹೊನ್ನಾವರದ ನಮ್ಮ ಕೇರಿಯಲ್ಲಿ ಕಾಯಿಲೆ ಬಂದರೆ ಡಾಕ್ಟರಿಗಿಂತ ಮೊದಲು ಹಿತ್ತಲಿಗೆ ಹೋಗುತ್ತಿದ್ದ ಕಾಲ. ನಮ್ಮ ಬಚ್ಚಲ ನೀರು ಹರಿಯುವಲ್ಲಿ, ತೆಂಗಿನ ಮರದ ಅರೆನೆರಳಿನಲ್ಲಿ, ಒಂದೆಲಗ ನೆಲಕ್ಕಂಟಿಕೊಂಡು ಹಬ್ಬಿತ್ತು. ಮೂರು ವರ್ಷ ತುಂಬಿದರೂ ಮಾತಾಡದ ತಮ್ಮ ಗಣಪುವಿಗೆ ಅಜ್ಜಿ ದಿನಾ ಬೆಳಿಗ್ಗೆ ಅದರ ಏಳು ಎಲೆ ಅರೆದು, ಜೇನು ಬೆರೆಸಿ ನೆಕ್ಕಿಸುತ್ತಿದ್ದಳು.

ಆ ಬೇಸಿಗೆಯಲ್ಲಿ ಅಜ್ಜಿ ಅತ್ತೆಯ ಬಾಣಂತನಕ್ಕೆಂದು ಅವಳ ಊರು ಬಾಡಕ್ಕೆ ಹೊರಟಳು. ಅಮ್ಮ ಬೆಳಿಗ್ಗೆಯೇ ಮೀನು ಮಾರಲು ಹೋಗುವವಳು. ಒಂದೆಲಗಕ್ಕೆ ನೀರು ಹಾಕುವುದು, ಗಣಪುವಿಗೆ ಎಲೆ ಅರೆದು ಕೊಡುವುದು, ಎಲ್ಲ ನನ್ನ ಪಾಲಿಗೆ ಬಂತು. ನನಗೆ ಒಂಬತ್ತು ವರ್ಷ. ಹೊರಡುವಾಗ ಅಜ್ಜಿ ಹೇಳಿದಳು:

"ಬೆಳಿಗ್ಗೆ ಎರಡು ಚೊಂಬು, ಸಂಜೆಗೆ ಒಂದು. ಮತ್ತೆಂತದೂ ಹಾಕೂದು ಬೇಡ. ಒಣಗ್ಸಿದ್ಯೋ, ಗಣಪು ಮೂಕನೇ ಆಗ್ತ ನೋಡು."

ಹತ್ತು ದಿನ ಹೊತ್ತು ತಪ್ಪಲಿಲ್ಲ. ಆದರೆ ಅಜ್ಜಿ ಬರುವಷ್ಟರಲ್ಲಿ ಎಲೆ ಅಂಗೈಯಗಲ ಆಗಬೇಕೆಂಬ ಆಸೆ ನನಗೆ. ಅಪ್ಪ ತೆಂಗಿನ ಬುಡಕ್ಕೆ ಕಲ್ಲುಪ್ಪು ಹಾಕುವುದನ್ನು ನೋಡಿದ್ದೆ. ಮೀನಿಗೆ ಹಾಕುವ ಉಪ್ಪಿನ ಮರಿಗೆಯಿಂದ ಎರಡು ಬೊಗಸೆ ತಂದು ಒಂದೆಲಗದ ಬುಡಕ್ಕೆ ಚೆಲ್ಲಿದೆ. ಗಣಪು ಬಾಯಲ್ಲಿ ಬೆರಳಿಟ್ಟು ನೋಡುತ್ತಿದ್ದ.

ಮೂರನೇ ದಿನ ಎಲೆಗಳ ಅಂಚು ಕಂದಿತು. ಆಮೇಲೆ ಕೊಳೆತ ವಾಸನೆ. ಏಳು ಎಲೆಗೆ ಮೊಣಕಾಲೂರಿ ಹುಡುಕಬೇಕಾಯಿತು. ಒಂದು ದಿನ ನಾಲ್ಕೇ ಸಿಕ್ಕವು. ನಾನು ಗಣಪುವಿನ ಬಾಯನ್ನೇ ನೋಡುತ್ತ ಕೂತೆ. ಕೊನೆಗೆ ಜೀವ ಉಳಿದದ್ದು ಬಟ್ಟೆ ಒಗೆಯುವ ಕಲ್ಲಿನಾಚೆ ಬೇರೂರಿದ್ದ ಒಂದೇ ಬಳ್ಳಿಯಲ್ಲಿ.

ಅಜ್ಜಿ ಬಂದವಳು ಕೈಚೀಲವನ್ನೂ ಇಳಿಸದೆ ಹಿತ್ತಲಿಗೆ ನಡೆದಳು. ಚಿಟಿಕೆ ಮಣ್ಣು ತೆಗೆದು ನಾಲಿಗೆಗೆ ತಾಗಿಸಿದಳು.

"ಎಂತ ಹಾಕಿದ್ಯೆ ಇದ್ಕೆ?"

"ನೀರು."

"ನೀರೊಂದೇ?"

"ದೇವರಾಣೆ, ನೀರೊಂದೇ."

ಹಿಂದಿನಿಂದ ಯಾರೋ ನನ್ನ ಲಂಗ ಜಗ್ಗಿದರು.

"ಅಕ್ಕ ಉಪ್ಪು" ಎಂದ ಗಣಪು.

ಅಜ್ಜಿಯ ಕೈಚೀಲ ಕೆಳಗೆ ಬಿತ್ತು. ಅವನನ್ನು ಎತ್ತಿಕೊಂಡು, "ಬಂತಲ್ಲ ಮಾರಾಯಾ ಮಾತು! ಸುರು ಮಾಡೂದೇ ಚಾಡಿಯಿಂದ!" ಎಂದು ನಕ್ಕಳು. ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದಳು. "ನೀ ಎಂತಕ್ಕೆ ನಗೂದು? ಹತ್ತು ಕೊಡ ಸೇದು. ಉಪ್ಪು ತೊಳ್ದು ಹೋಗ್ಲಿ."

ದಿನಕ್ಕೆ ಹತ್ತು ಕೊಡದಂತೆ ಮಳೆಗಾಲದವರೆಗೂ ಸೇದಿದೆ. ಆಚೆಯ ಬಳ್ಳಿ ಮತ್ತೆ ಈಚೆಗೆ ಹಬ್ಬಿತು.

ಆ ಹಿತ್ತಲ ಮೇಲೆ ಈಗ ಹೆದ್ದಾರಿ ಹೋಗಿದೆ. ಬಂದರಿನ ಮೀನು ಹರಾಜಿನಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದ ಗಣಪು ತೀರಿಕೊಂಡು ಎರಡು ವರ್ಷವಾಯಿತು. ನನ್ನ ಜಗಲಿಯ ನೆರಳಿನ ಕುಂಡದಲ್ಲಿ ಒಂದೆಲಗವಿದೆ. ಬೆಳಿಗ್ಗೆ, ಸಂಜೆ ತಪ್ಪದೆ ನೀರು ಹಾಕುತ್ತೇನೆ. ಬೇರೇನು ಹಾಕಿದರೂ ಈಗ ಚಾಡಿ ಹೇಳುವವರು ಯಾರೂ ಇಲ್ಲ.